‘ಅರ್ಜಿ ವಜಾ ಆಗಿದೆ, ಜಾಗ ಬಿಡಿ’ ಅಂದರೆ ಸುಮ್ನೆ ಬಿಡಬೇಕಾ?

ಪ್ರಶ್ನೆ: ನಾವು ಸಿದ್ದಿ ಸಮುದಾಯದವರು. ಉತ್ತರ ಕನ್ನಡದ ಘಟ್ಟದ ಮೇಲಿನ ಹಳ್ಳಿಯಲ್ಲಿದ್ದೇವೆ. ಅಜ್ಜನ ಕಾಲದಿಂದ ಎರಡು ಎಕರೆ ಅರಣ್ಯ ಜಾಗದಲ್ಲಿ ಮನೆ, ಗದ್ದೆ ಇದೆ. ಪಹಣಿ ಇಲ್ಲ. 2009ರಲ್ಲಿ ಅರಣ್ಯ ಹಕ್ಕಿನ ಅರ್ಜಿ ಕೊಟ್ಟಿದ್ದೆವು. ಆಮೇಲೆ, ಸುಮಾರು 2013ರಲ್ಲಿ, ಪಕ್ಕದ ಅರ್ಧ ಎಕರೆ ಸವರಿ ಅಡಿಕೆ ಹಾಕಿದೆವು. ಈಗ ಅರಣ್ಯ ಸಿಬ್ಬಂದಿ ಜೆಸಿಬಿ ತಂದು ಗದ್ದೆಗೆ ಅಡ್ಡ ಅಗಳ ಹೊಡೆದು, ಅಕೇಶಿಯಾ ಸಸಿ ನೆಟ್ಟು ಹೋಗಿದ್ದಾರೆ. ‘75 ವರ್ಷದ ದಾಖಲೆ ಇಲ್ಲ, ನಿಮ್ಮ ಅರ್ಜಿ ವಜಾ ಆಗಿದೆ’ ಎಂದು ಬಾಯಲ್ಲಿ ಹೇಳಿದರು. ಅಪ್ಪನ ಹತ್ತಿರ ಸಹಿ ಕೇಳುತ್ತಿದ್ದಾರೆ. ಒಬ್ಬರು ಊರವರ ಎದುರೇ ‘ನೀವು ಆಫ್ರಿಕಾದಿಂದ ಬಂದವರು, ನಿಮಗೆಲ್ಲಿಯ ಜಾಗ’ ಎಂದರು. ನಮ್ಮದು ಕ್ರೈಸ್ತ ಕುಟುಂಬ, ಹಾಗಾಗಿ ಎಸ್‌ಟಿ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಹೇಳುತ್ತಾರೆ. ನಾವೀಗ ಏನು ಮಾಡಬೇಕು?

ಉತ್ತರ: ಎಲ್ಲಕ್ಕಿಂತ ಮೊದಲು ಆ ಸಹಿಯ ವಿಷಯ. ಅಪ್ಪ ಯಾವ ಕಾಗದಕ್ಕೂ ಸಹಿ ಹಾಕಬಾರದು, ಹೆಬ್ಬೆಟ್ಟೂ ಒತ್ತಬಾರದು. ಇಂಥ ಹೊತ್ತಲ್ಲಿ ಮುಂದಿಡುವ ಕಾಗದ ಹೆಚ್ಚಾಗಿ ಮುಚ್ಚಳಿಕೆಯೇ ಆಗಿರುತ್ತದೆ. ‘ನಾನು ಅತಿಕ್ರಮಣ ಮಾಡಿದ್ದು ನಿಜ, ಸ್ವಇಚ್ಛೆಯಿಂದ ಜಾಗ ಬಿಟ್ಟುಕೊಡುತ್ತಿದ್ದೇನೆ, ಮುಂದೆ ಪ್ರವೇಶ ಮಾಡುವುದಿಲ್ಲ’ ಅಂತ ಬರೆದಿರುತ್ತದೆ. ‘ಸುಮ್ನೆ ಫಾರ್ಮಾಲಿಟಿ’ ಅನ್ನುತ್ತಾರೆ. ಫಾರ್ಮಾಲಿಟಿ ಅಲ್ಲ. ನಾಳೆ ಹೈಕೋರ್ಟಿಗೆ ಹೋದರೆ ಎದುರಿನ ವಕೀಲರು ಮೊದಲು ಹಾಜರುಪಡಿಸುವುದೇ ಅದನ್ನು. ಮಹಜರಿಗೂ ಅಷ್ಟೇ. ಪೂರ್ತಿ ಓದಿಸಿ ಕೇಳದೆ ಸಹಿ ಬೇಡ. ಓದಿದ ಮೇಲೂ ಒಪ್ಪಿಗೆ ಆಗದಿದ್ದರೆ ‘ನನಗೆ ಒಪ್ಪಿಗೆ ಇಲ್ಲ, ಈ ಜಾಗಕ್ಕೆ ಅರಣ್ಯ ಹಕ್ಕಿನ ಅರ್ಜಿ ಇದೆ’ ಎಂದು ಕೈಯಲ್ಲೇ ಬರೆದು, ಅದರ ಕೆಳಗೆ ಸಹಿ ಮಾಡಿ. ಫೋನಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ ಇವತ್ತೇ ‘ಹೆದರಿಸಿ ಸಹಿ ಮಾಡಿಸಿದ್ದಾರೆ, ಅದು ನನ್ನ ಒಪ್ಪಿಗೆಯಲ್ಲ’ ಎಂದು ಜಿಲ್ಲಾಧಿಕಾರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ವಾರ ಬಿಟ್ಟು ಕಳಿಸಿದರೆ ಅದಕ್ಕೆ ಅಷ್ಟು ತೂಕ ಇರುವುದಿಲ್ಲ.

ಇನ್ನೊಂದು, ಆ ಅಕೇಶಿಯಾ ಸಸಿಗಳನ್ನು ಮುಟ್ಟಬೇಡಿ. ಸಿಟ್ಟು ಬರುತ್ತದೆ, ಗೊತ್ತು. ಬಿತ್ತುವ ಗದ್ದೆಯಲ್ಲಿ ಯಾರದೋ ಸಸಿ ನಿಂತಿದ್ದರೆ ಯಾರಿಗಾದರೂ ಕಿತ್ತೆಸೆಯೋಣ ಅನಿಸುತ್ತದೆ. ಕಿತ್ತರೆ ಮಾತ್ರ ನಿಮ್ಮ ಮೇಲೆ ಹೊಸ ಅರಣ್ಯ ಮೊಕದ್ದಮೆ ಬೀಳುತ್ತದೆ. ಆಗ ಜಾಗದ ತಕರಾರು ಹಿಂದೆ ಸರಿದು ಸಸಿ ಕಿತ್ತ ಕೇಸೇ ಮುಂದೆ ಬರುತ್ತದೆ. ಅಗಳವನ್ನೂ ಮುಚ್ಚಬೇಡಿ. ಅಗಳ, ತುಂಡಾದ ಹಾಳಿ (ಗದ್ದೆಯ ಬದು), ಹಾಳಾದ ಬೆಳೆ ಎಲ್ಲದರ ಫೋಟೊ, ವಿಡಿಯೊ ಮಾಡಿ. ಫೋಟೊದಲ್ಲಿ ಮನೆಯೋ ಬಾವಿಯೋ ಹಿಂದೆ ಕಾಣುವ ಹಾಗೆ ನೋಡಿಕೊಳ್ಳಿ. ಬರೀ ಮಣ್ಣಿನ ಗುಂಡಿಯ ಚಿತ್ರ ಎಲ್ಲಿಯದೂ ಆಗಬಹುದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬಾಯಲ್ಲಿ ‘ವಜಾ ಆಗಿದೆ’ ಅಂದರೆ ಅದು ವಜಾ ಅಲ್ಲ. ಅರಣ್ಯ ಹಕ್ಕು ಕಾಯ್ದೆ 2006ರದು. ಅದರ ನಿಯಮಗಳು 2008ರ ಜನವರಿಯಿಂದ ಜಾರಿಯಲ್ಲಿವೆ, 2012ರಲ್ಲಿ ತಿದ್ದುಪಡಿಯಾಗಿವೆ. ಅರ್ಜಿ ತಿರಸ್ಕಾರ ಆದರೆ ಅರ್ಜಿದಾರರಿಗೆ ಖುದ್ದಾಗಿ, ಕಾರಣ ಸಮೇತ ತಿಳಿಸಬೇಕು ಎಂದು ನಿಯಮ ಹೇಳುತ್ತದೆ. ತಿಳಿಸಬೇಕಾದವರು ಕಾಯ್ದೆಯಡಿ ಇರುವ ಸಮಿತಿಗಳು, ಫಾರೆಸ್ಟ್ ಗಾರ್ಡ್ ಅಲ್ಲ. ಅರಣ್ಯ ಇಲಾಖೆಯವರು ಆ ಸಮಿತಿಗಳಲ್ಲಿ ಸದಸ್ಯರಾಗಿರುತ್ತಾರೆ, ನಿಜ. ಆದರೆ ತೀರ್ಪು ಅವರೊಬ್ಬರದೇ ಅಲ್ಲ. ಅರ್ಜಿ ಮೊದಲು ಗ್ರಾಮಸಭೆಗೆ ಹೋಗುತ್ತದೆ. ಅಲ್ಲಿನ ಅರಣ್ಯ ಹಕ್ಕು ಸಮಿತಿ ಜಾಗ ನೋಡುತ್ತದೆ. ಆಮೇಲೆ ಉಪವಿಭಾಗಾಧಿಕಾರಿಯ ಸಮಿತಿ, ಕೊನೆಗೆ ಜಿಲ್ಲಾಧಿಕಾರಿಯ ಸಮಿತಿ. ಗ್ರಾಮಸಭೆಯ ತೀರ್ಮಾನ ಒಪ್ಪದಿದ್ದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ ಮೇಲ್ಮನವಿ ಹಾಕಬಹುದು. ಅಲ್ಲಿಯದು ಒಪ್ಪದಿದ್ದರೆ ಮತ್ತೆ 60 ದಿನದೊಳಗೆ ಜಿಲ್ಲಾ ಸಮಿತಿಗೆ. ನಿಮ್ಮ ಮಾತು ಕೇಳದೆ ನಿಮ್ಮ ವಿರುದ್ಧ ಮೇಲ್ಮನವಿ ಮುಗಿಸುವ ಹಾಗಿಲ್ಲ. ನಿಮಗೆ ಕಾಗದವೇ ಬಂದಿಲ್ಲ ಅಂದಮೇಲೆ ಆ 60 ದಿನ ಮುಗಿದೇ ಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಾಯ್ದೆಯ 4ನೇ ಕಲಂನ 5ನೇ ಉಪಕಲಂ ನಿಮ್ಮಂಥವರಿಗೆ ಬಹಳ ಮುಖ್ಯ. ಹಕ್ಕು ಗುರುತಿಸುವ, ಪರಿಶೀಲಿಸುವ ಕೆಲಸ ಪೂರ್ತಿ ಮುಗಿಯುವ ತನಕ ಅರಣ್ಯವಾಸಿಯನ್ನು ಅವನ ಸ್ವಾಧೀನದ ಜಾಗದಿಂದ ಎಬ್ಬಿಸುವಂತಿಲ್ಲ ಎಂದು ಅದು ಹೇಳುತ್ತದೆ. ಮೇಲ್ಮನವಿ ಬಾಕಿ ಇದ್ದರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕಾರವಾದವರನ್ನು ತೆರವು ಮಾಡಿ ಎಂದು ಆದೇಶ ಮಾಡಿತ್ತು. ಅದನ್ನು ತೋರಿಸಿ ಈಗಲೂ ಹೆದರಿಸುವವರಿದ್ದಾರೆ. ಅದೇ ತಿಂಗಳ 28ರಂದು ಆ ಆದೇಶಕ್ಕೆ ಅದೇ ಕೋರ್ಟ್ ತಡೆ ಕೊಟ್ಟಿತು. ತಿರಸ್ಕಾರ ಮಾಡುವಾಗ ಸರಿಯಾದ ಕ್ರಮ ಅನುಸರಿಸಿದ್ದೀರಾ ಎಂದು ರಾಜ್ಯಗಳನ್ನೇ ಕೇಳಿತು. ತಡೆಯ ಮಾತನ್ನು ಮಾತ್ರ ಯಾರೂ ಜಾಸ್ತಿ ಹೇಳುವುದಿಲ್ಲ.

ಹಾಗಾದರೆ ಜೆಸಿಬಿ ಯಾವ ಅಧಿಕಾರದಲ್ಲಿ ಬಂತು? ಕರ್ನಾಟಕ ಅರಣ್ಯ ಕಾಯ್ದೆಯ 64ಎ ಕಲಂನಲ್ಲಿ ತೆರವು ಮಾಡುವ ಅಧಿಕಾರ ಇದೆ. ಆದರೆ ಆದೇಶ ಮಾಡಬೇಕಾದವರು ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ದರ್ಜೆಗಿಂತ ಕೆಳಗಿನವರಾಗಿರಬಾರದು. ನಿಮಗೆ ಹೇಳಿಕೆ ಕೊಡಲು ಅವಕಾಶ ಕೊಡಬೇಕು. ಆದೇಶದ ಮೇಲೆ ಅಪೀಲಿಗೂ ದಾರಿ ಇದೆ. ಆದ್ದರಿಂದ ಇನ್ನೊಮ್ಮೆ ಬಂದರೆ ಜಗಳಕ್ಕೆ ನಿಲ್ಲಬೇಡಿ. ಒಂದೇ ಮಾತು ಕೇಳಿ: ‘64ಎ ಆದೇಶದ ಪ್ರತಿ ಕೊಡಿ.’ ಆದೇಶ ಇದ್ದರೆ ಅದರ ಮೇಲೆ ಅಪೀಲು ಹಾಕೋಣ. ಇಲ್ಲದಿದ್ದರೆ ನಿಮ್ಮ ಗದ್ದೆಗೆ ಹೊಡೆದ ಅಗಳಕ್ಕೆ ಕಾನೂನಿನ ಆಧಾರವೇ ಇಲ್ಲ.

75 ವರ್ಷದ ಮಾತಿಗೆ ಬರೋಣ. ನನಗೆ ಕಂಡ ಹಾಗೆ ನಿಮ್ಮ ಅರ್ಜಿ ಎಡವಿದ್ದು ಇಲ್ಲೇ. ನಮ್ಮ ಜಿಲ್ಲೆಯಲ್ಲಿ ಅತಿಕ್ರಮಣ ಅಂದರೆ ಮೂರು ಲೆಕ್ಕ ಕಲಸಿಹೋಗಿವೆ. ಒಂದು 27-4-1978. ಅದು ಅರಣ್ಯ ಹಕ್ಕು ಕಾಯ್ದೆ ಬರುವುದಕ್ಕೂ ಮೊದಲಿನ ಸಕ್ರಮದ ಕಾಲದ್ದು. ನಮ್ಮ ಕಡೆ ‘78ರ ಹಿಂದಿನದಾ?’ ಎಂದು ಈಗಲೂ ಕೇಳುತ್ತಾರಲ್ಲ, ಅದೇ. ನಿಮ್ಮ ಅರ್ಜಿಗೆ ಅದು ಸಂಬಂಧವೇ ಇಲ್ಲ. ಎರಡನೆಯದು 75 ವರ್ಷ, ಅಂದರೆ ಮೂರು ತಲೆಮಾರು. ಅದನ್ನು ತೋರಿಸಬೇಕಾದವರು ಎಸ್‌ಟಿ ಅಲ್ಲದ ‘ಇತರೆ ಪಾರಂಪರಿಕ ಅರಣ್ಯವಾಸಿಗಳು’. ಮೂರನೆಯದು 13-12-2005. ಪರಿಶಿಷ್ಟ ಪಂಗಡದವರು ಆ ದಿನಕ್ಕಿಂತ ಮೊದಲು ಜಾಗ ಸ್ವಾಧೀನದಲ್ಲಿತ್ತು ಎಂದು ತೋರಿಸಿದರೆ ಸಾಕು.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಯ ಸಿದ್ದಿಗಳು ಸೇರಿದ್ದು 2020ರಲ್ಲಿ. ಅಂದರೆ ನೀವು ಅರ್ಜಿ ಕೊಟ್ಟ 2009ಕ್ಕೆ ನೀವು ಪೂರ್ತಿ ಎಸ್‌ಟಿ. ನಿಮ್ಮಿಂದ 75 ವರ್ಷದ ದಾಖಲೆ ಕೇಳಿದ್ದೇ ತಪ್ಪು. ಹಾಗಿದ್ದರೂ ಯಾಕೆ ಕೇಳಿದರು? ಅರ್ಜಿ ನಮೂನೆ ‘ಎ’ ತೆಗೆದು ನೋಡಿ. ಹೆಸರು, ಗಂಡ ಅಥವಾ ಹೆಂಡತಿಯ ಹೆಸರು, ಊರು, ಪಂಚಾಯ್ತಿ ಬರೆದ ಮೇಲೆ ಎರಡು ಪ್ರಶ್ನೆ ಬರುತ್ತವೆ: ಪರಿಶಿಷ್ಟ ಪಂಗಡವೇ, ಹೌದು ಅಥವಾ ಇಲ್ಲ. ಇತರೆ ಪಾರಂಪರಿಕ ಅರಣ್ಯವಾಸಿಯೇ, ಹೌದು ಅಥವಾ ಇಲ್ಲ. ಆ ಕಾಲದಲ್ಲಿ ಊರಿನ ಅರ್ಜಿಗಳನ್ನೆಲ್ಲ ಯಾರೋ ಒಬ್ಬರು ಕೂತು ಒಂದೇ ರೀತಿ ತುಂಬಿದ್ದುಂಟು. ಗೌಳಿ, ಕುಣಬಿ, ಹಾಲಕ್ಕಿಯವರ ಅರ್ಜಿ ತುಂಬಿದ ಕೈಯೇ ಸಿದ್ದಿಗಳ ಅರ್ಜಿಯಲ್ಲೂ ಎರಡನೆಯದಕ್ಕೆ ‘ಹೌದು’ ಎಂದು ಬರೆದಿದ್ದರೆ ಆಶ್ಚರ್ಯ ಇಲ್ಲ. ಅಥವಾ ಜಾತಿ ಪ್ರಮಾಣಪತ್ರ ಲಗತ್ತಿಸದೆ ಬಿಟ್ಟಿರಬಹುದು. ಯಾವುದಾದರೂ ಮೇಲ್ಮನವಿಯಲ್ಲಿ ಸರಿಪಡಿಸಲು ಬರುತ್ತದೆ. ಎರಡೂ ಸರಿಯಾಗಿದ್ದು ಸಮಿತಿಯೇ ತಪ್ಪು ಲೆಕ್ಕ ಹಾಕಿದ್ದರೆ ಇನ್ನೂ ಒಳ್ಳೆಯದು, ಆದೇಶ ನಿಲ್ಲುವುದಿಲ್ಲ.

ಪಕ್ಕದ ಗೌಳಿ, ಕುಣಬಿ ಮನೆಯವರಿಗೂ ಇದು ಕೇಳಿಸಲಿ ಅಂತ ಒಂದು ಮಾತು ಸೇರಿಸುತ್ತೇನೆ. ಅವರಿಗೆ 75 ವರ್ಷ ಬೇಕು, ಹೌದು. ಆದರೆ ಆ 75 ವರ್ಷ ಇಂಥದ್ದೇ ಗದ್ದೆಯನ್ನು ಉಳುತ್ತಿದ್ದರು ಎಂಬುದಕ್ಕಲ್ಲ. ಆ ಭಾಗದ ಕಾಡಿನಲ್ಲಿ ವಾಸವಿದ್ದರು ಎಂಬುದಕ್ಕೆ. ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯವೇ ಇದನ್ನು ಸ್ಪಷ್ಟಪಡಿಸಿದೆ. ಜಾಗದ ಸ್ವಾಧೀನ 2005ಕ್ಕೆ ಮೊದಲಿನದಾದರೆ ಅವರಿಗೂ ಸಾಕು.

ಧರ್ಮದ ವಿಷಯ ಎರಡೇ ಮಾತಲ್ಲಿ ಮುಗಿಯುತ್ತದೆ. ಧರ್ಮದ ಷರತ್ತು ಇರುವುದು ಪರಿಶಿಷ್ಟ ಜಾತಿಗೆ, ಪರಿಶಿಷ್ಟ ಪಂಗಡಕ್ಕೆ ಅಲ್ಲ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಹಳಿಯಾಳದ ಕಡೆ ಮುಸ್ಲಿಮರು, ಕ್ರೈಸ್ತರು ಇದ್ದಾರೆ. ಮೂವರೂ ಎಸ್‌ಟಿಯೇ. ತಹಶೀಲ್ದಾರ್ ಕಚೇರಿಯಲ್ಲಿ ಯಾರಾದರೂ ತಕರಾರು ತೆಗೆದರೆ ‘ಹಾಗಂತ ಬರೆದುಕೊಡಿ’ ಅನ್ನಿ. ಬರೆದುಕೊಡುವುದಿಲ್ಲ.

ದಾಖಲೆ ಏನು ಕೊಡಬೇಕು ಎಂಬುದು ಸ್ವಲ್ಪ ಉದ್ದದ ವಿಷಯ. ಕಾಯ್ದೆ ಪಹಣಿ ಕೇಳುವುದಿಲ್ಲ. ಪಹಣಿ ಇದ್ದಿದ್ದರೆ ಅರ್ಜಿಯೇ ಬೇಕಿರಲಿಲ್ಲ, ಅಲ್ವಾ? ನಿಯಮ 13 ಒಂದು ದೊಡ್ಡ ಪಟ್ಟಿಯನ್ನೇ ಕೊಡುತ್ತದೆ. ಅದರಲ್ಲಿ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಕೊಟ್ಟರಾಯಿತು. ಮತದಾರರ ಚೀಟಿ, ರೇಷನ್ ಕಾರ್ಡ್, ಮನೆ ತೆರಿಗೆ ರಸೀದಿ ಇವು ನಿಮಗೆ ಗೊತ್ತಿರುತ್ತವೆ. ಗೊತ್ತಿಲ್ಲದ್ದು ಇನ್ನೂ ಇವೆ.

ಅಪ್ಪನ ಟ್ರಂಕು ತೆಗೆಸಿ. ಹಳೆಯ ದಂಡದ ರಸೀದಿ, ಅರಣ್ಯ ಮೊಕದ್ದಮೆಯ ಸಮನ್ಸು, ಗಾರ್ಡ್ ಬರೆದ ನೋಟಿಸು ಇದ್ದರೆ ನಿಮ್ಮ ಅದೃಷ್ಟ. ಬಹಳ ಮನೆಗಳಲ್ಲಿ ನಾಚಿಕೆಗೆ, ಹೆದರಿಕೆಗೆ ಇವನ್ನು ಮುಚ್ಚಿಡುತ್ತಾರೆ, ಇಲ್ಲ ಸುಟ್ಟು ಹಾಕುತ್ತಾರೆ. ‘ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಗುಂಟೆ ಅತಿಕ್ರಮಿಸಿ ಭತ್ತ ಬೆಳೆದ ಬಗ್ಗೆ ದಂಡ’ ಎಂದು 1990ರ ಸುಮಾರಿನ ರಸೀದಿಯೊಂದರಲ್ಲಿ ಬರೆದಿದೆ ಅಂತಿಟ್ಟುಕೊಳ್ಳಿ. ನಿಮ್ಮ ಕುಟುಂಬ ಆ ವರ್ಷ ಆ ಜಾಗದಲ್ಲಿ ಸಾಗು ಮಾಡುತ್ತಿತ್ತು ಎಂದು ಅರಣ್ಯ ಇಲಾಖೆಯೇ ಸಹಿ, ಮೊಹರು ಹಾಕಿ ಬರೆದುಕೊಟ್ಟ ಹಾಗಾಯಿತು. ಅದಕ್ಕಿಂತ ಗಟ್ಟಿ ಸಾಕ್ಷಿ ಎಲ್ಲಿ ಸಿಗುತ್ತದೆ? ಇಲಾಖೆಯ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ, ಅಥವಾ ದಂಡದ ರಸೀದಿ ಇಲ್ಲ ಎಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ ಎಂದೂ ನಿಯಮದಲ್ಲಿದೆ. ಇದ್ದರೆ ನಿಮಗೆ ಲಾಭ, ಇಲ್ಲದಿದ್ದರೆ ನಷ್ಟ ಇಲ್ಲ.

ಆಮೇಲೆ ಜಾಗವೇ ಹೇಳುವ ಸಾಕ್ಷ್ಯ. ಮನೆ, ಬಾವಿ, ಹಾಳಿ, ಸಮಾಧಿ, ದೇವರ ಜಾಗ ಇವೆಲ್ಲ ನಿಯಮದ ಪ್ರಕಾರ ಸಾಕ್ಷ್ಯವೇ. ಅಂಗಳದ ಹಲಸಿನ ಮರ ಎಷ್ಟು ದಪ್ಪ ಇದೆ, ಹಿತ್ತಿಲ ತೆಂಗು ಎಷ್ಟು ಎತ್ತರ ಹೋಗಿದೆ ಎಂದು ಮಹಜರಿನಲ್ಲಿ ಬರೆಸಿ. ಮೂವತ್ತು ವರ್ಷದ ಹಲಸನ್ನು ಯಾರೂ ಮೊನ್ನೆ ನೆಟ್ಟದ್ದು ಅನ್ನಲಾರರು. ಕುಟುಂಬದ ಹಿರಿಯರನ್ನು ಮಣ್ಣು ಮಾಡಿದ ಜಾಗ ಆವರಣದ ಹತ್ತಿರ ಇದ್ದರೆ ಅದನ್ನೂ ನಕಾಶೆಯಲ್ಲಿ ಗುರುತು ಮಾಡಿಸಿ. ಊರಿನ ಹಿರಿಯರ ಹೇಳಿಕೆಯೂ ನಡೆಯುತ್ತದೆ, ಬರಹದಲ್ಲಿ ಇರಬೇಕು ಅಷ್ಟೇ. ಹೇಳುವವರು ಅರ್ಜಿದಾರರು ಆಗಿರಬಾರದು. ನಿಮ್ಮ ಸಮುದಾಯದವರನ್ನೇ ಕರೆತರಬೇಕು ಅಂತಿಲ್ಲ. ಹಿಂದೆ ನಿಮ್ಮ ಅಜ್ಜ ಯಾರದಾದರೂ ಅಡಿಕೆ ತೋಟದಲ್ಲಿ ಕೆಲಸಕ್ಕಿದ್ದರೆ ಆ ಮನೆಯ ಹಿರಿಯರು ಹೇಳಿಕೆ ಕೊಟ್ಟರೆ ಬಹಳ ತೂಕ. ಕೇಳಲು ಸಂಕೋಚ ಬೇಡ. ಗೆಝೆಟಿಯರ್ ಕೂಡ ನಿಯಮದ ಪಟ್ಟಿಯಲ್ಲಿದೆ. ಬ್ರಿಟಿಷರ ಕಾಲದ 1883ರ ಕೆನರಾ ಗೆಝೆಟಿಯರ್‌ನಲ್ಲೇ ಈ ಜಿಲ್ಲೆಯ ಸಿದ್ದಿಗಳ ಪ್ರಸ್ತಾಪ ಇದೆ.

ಉಪಗ್ರಹ ಚಿತ್ರದಲ್ಲಿ ನಿಮ್ಮ ಜಾಗ ಕಾಡಿನ ಹಾಗೆ ಕಾಣುತ್ತದೆ ಎಂದು ಹೇಳಬಹುದು. ಮರದ ನೆರಳಿನ ಕೆಳಗಿನ ಹುಲ್ಲಿನ ಮಾಡು ಮೇಲಿನಿಂದ ಹೇಗೆ ಕಂಡೀತು? ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕ ಆಗಬಹುದೇ ಹೊರತು ಅದರ ಬದಲಿಗೆ ಅಲ್ಲ ಎಂದು ನಿಯಮವೇ ಹೇಳಿದೆ. ಜಿಪಿಎಸ್ ಹಿಡಿದು ಬಂದವರ ಜೊತೆ ನೀವೂ ಹಾಳಿ ಗುಂಟ ನಡೆಯಿರಿ. ಹೊಲದ ಮೂಲೆ ತಪ್ಪಿಸಿ ಒಳಗಿನಿಂದಲೇ ಸುತ್ತು ಹಾಕಿದರೆ ನಿಮ್ಮ ಎರಡು ಎಕರೆ ಒಂದೂವರೆ ಆಗಿರುತ್ತದೆ.

ಈಗ ನಿಮಗೆ ಹಿಡಿಸದ ಮಾತು ಹೇಳಬೇಕು. 2013ರಲ್ಲಿ ಸವರಿದ ಅರ್ಧ ಎಕರೆ ನಿಮಗೆ ಸಿಗುವುದಿಲ್ಲ. 2005ರ ಡಿಸೆಂಬರ್ 13ರ ನಂತರದ್ದಕ್ಕೆ ಈ ಕಾಯ್ದೆಯ ರಕ್ಷಣೆ ಇಲ್ಲ. ಸಿದ್ದಿಗಳಾದರೂ ಇಲ್ಲ. ಅದನ್ನು ಹಳೆಯ ಜಾಗದ ಜೊತೆ ಸೇರಿಸಿ ‘ಎಲ್ಲ ಅಜ್ಜನ ಕಾಲದ್ದೇ’ ಎಂದು ವಾದಿಸಿದರೆ, ಹೊಸ ಅಡಿಕೆ ಗಿಡದ ವಯಸ್ಸು ನೋಡಿಯೇ ನಿಮ್ಮ ಪೂರ್ತಿ ಮಾತು ಸುಳ್ಳು ಎಂದುಬಿಡುತ್ತಾರೆ. ಹಳೆಯ ಎರಡು ಎಕರೆಯ ಗಡಿ ಬೇರೆಯಾಗಿ ಗುರುತಿಸಿ, ಅದನ್ನಷ್ಟೇ ಕೇಳಿ. ಕಾಯ್ದೆಯಲ್ಲಿ ಗರಿಷ್ಠ ಮಿತಿ 4 ಹೆಕ್ಟೇರ್. ಅಂದರೆ ಹತ್ತು ಎಕರೆಗೆ ಸ್ವಲ್ಪ ಕಡಿಮೆ. ಆದರೆ ಆ ದಿನ ನಿಜವಾಗಿ ಸ್ವಾಧೀನದಲ್ಲಿದ್ದಷ್ಟೇ ಕೊಡುವುದು. ಅಡಿಕೆ ಹೋದರೆ ಬೇಜಾರು, ಒಪ್ಪುತ್ತೇನೆ. ಗದ್ದೆ ಉಳಿಸಿಕೊಳ್ಳುವುದು ಈಗ ಮುಖ್ಯ.

‘ಆಫ್ರಿಕಾದವರು’ ಅಂದ ವಿಷಯ. ಸಿದ್ದಿಗಳ ಪೂರ್ವಿಕರನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದರು. ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಬಂದವರು ಈ ಘಟ್ಟದ ಕಾಡು ಸೇರಿದರು. ಅವರು ಇಷ್ಟಪಟ್ಟು ಬಂದವರಲ್ಲ. ಈಗ ಅದನ್ನೇ ಹೇಳಿ ಅವರ ಮೊಮ್ಮಕ್ಕಳನ್ನು ಎಬ್ಬಿಸುವುದಕ್ಕೆ ಏನನ್ನಬೇಕೋ. ಕಾನೂನು ಕೇಳುವುದು 2005ರ ಡಿಸೆಂಬರಿನಲ್ಲಿ ನೀವು ಎಲ್ಲಿದ್ದಿರಿ ಎಂದು, ನಾನೂರು ವರ್ಷದ ಹಿಂದೆ ಎಲ್ಲಿದ್ದಿರಿ ಎಂದಲ್ಲ.

ಎಸ್‌ಸಿ, ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. ಹೇಳಿದವರು ಎಸ್‌ಸಿ, ಎಸ್‌ಟಿ ಅಲ್ಲದವರಾಗಿದ್ದು, ಸಮುದಾಯದ ಕಾರಣಕ್ಕೆ ಸಾರ್ವಜನಿಕರ ಎದುರು ಅವಮಾನ ಮಾಡಿದ್ದರೆ ಅದು ಅಪರಾಧ. 2015ರ ತಿದ್ದುಪಡಿಯಲ್ಲಿ, ಅರಣ್ಯ ಹಕ್ಕು ಅನುಭವಿಸಲು ಅಕ್ರಮವಾಗಿ ಅಡ್ಡಿಪಡಿಸುವುದನ್ನೂ ಸೇರಿಸಿದ್ದಾರೆ. ನಿಮ್ಮದೇ ಮನೆಯವರಲ್ಲದೆ ಕೇಳಿಸಿಕೊಂಡ ಇಬ್ಬರಾದರೂ ಹೇಳಿಕೆ ಕೊಡಲು ಸಿದ್ಧರಿದ್ದರೆ ದೂರು ಕೊಡಿ. ಆದರೆ ನನ್ನ ಅಭಿಪ್ರಾಯದಲ್ಲಿ ಜಾಗದ ಕೆಲಸ ಮೊದಲು, ಅಥವಾ ಎರಡೂ ಒಟ್ಟಿಗೆ. ಬರೀ ದೂರು ಕೊಟ್ಟು ಕೂತರೆ, ಕೊನೆಗೆ ‘ನೀವು ಕೇಸು ಹಿಂದೆ ತಗೊಳ್ಳಿ, ನಾವು ಸುಮ್ಮನಿರುತ್ತೇವೆ’ ಎಂಬ ರಾಜಿಗೆ ಬರುತ್ತದೆ. ಆ ರಾಜಿಯಲ್ಲಿ ಪಟ್ಟಾ ಸಿಗುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸುಪಾ, ಕದ್ರಾ, ಕೊಡಸಳ್ಳಿ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎಂದು ಈ ಜಿಲ್ಲೆ ಕಂಡಷ್ಟು ಎತ್ತಂಗಡಿ ಕಡಿಮೆ ಜಿಲ್ಲೆಗಳು ಕಂಡಿರಬಹುದು. ಪಹಣಿ ಇದ್ದವರು ಪರಿಹಾರಕ್ಕೆ ಕೋರ್ಟಿಗಾದರೂ ಅಲೆದರು. ಕಾಗದ ಇಲ್ಲದವರಿಗೆ ಅದೂ ಇಲ್ಲ. ಹಾಗೆ 2005ಕ್ಕೆ ಮೊದಲೇ ಅಕ್ರಮವಾಗಿ, ಪುನರ್ವಸತಿ ಇಲ್ಲದೆ ಕಾಡಿನಿಂದ ಎಬ್ಬಿಸಿದವರು ಬದಲಿ ಜಾಗ ಕೇಳಲು ಈ ಕಾಯ್ದೆಯಲ್ಲೇ ಅವಕಾಶ ಇದೆ. ನಮೂನೆ ‘ಎ’ಯಲ್ಲಿ ಅದಕ್ಕೆ ಜಾಗವನ್ನೂ ಬಿಟ್ಟಿದ್ದಾರೆ. ಬಹಳ ಅರ್ಜಿಗಳಲ್ಲಿ ಅಲ್ಲಿ ಬರೀ ಗೆರೆ ಎಳೆದಿರುತ್ತಾರೆ. ನಿಮ್ಮ ಅಜ್ಜನ ಮನೆ ಮೊದಲು ಬೇರೆ ಕಡೆ ಇದ್ದು ಅಲ್ಲಿಂದ ಎಬ್ಬಿಸಿದ್ದರೆ ಅದನ್ನು ಬರೆಯಲೇಬೇಕು.

ಜೇನು, ಉಪ್ಪಾಗೆ, ಮುರುಗಲು, ಅಂಟುವಾಳ ತರಲು ಹೋದಾಗಲೂ ತಡೆಯುತ್ತಿದ್ದರೆ ಅದು ನಿಮ್ಮೊಬ್ಬರ ಅರ್ಜಿಯಲ್ಲಿ ಬಗೆಹರಿಯುವುದಿಲ್ಲ. ಕೇರಿಯವರೆಲ್ಲ ಸೇರಿ ಗ್ರಾಮಸಭೆಯಲ್ಲಿ ನಮೂನೆ ‘ಬಿ’ (ಸಮುದಾಯ ಹಕ್ಕಿನ ಅರ್ಜಿ) ಹಾಕಬೇಕು.

ಈ ವಾರ ಮಾಡಬೇಕಾದದ್ದು ಇಷ್ಟು. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ನಿಮ್ಮ ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. ಶಿರಸಿ ಉಪವಿಭಾಗದವರಾದರೆ ಶಿರಸಿಗೆ. ಅಪ್ಪನ ಅರ್ಜಿಯ ಪೂರ್ತಿ ಕಡತ ಕೇಳಿ: ಅರ್ಜಿ, ಲಗತ್ತು, ಅರಣ್ಯ ಹಕ್ಕು ಸಮಿತಿಯ ವರದಿ, ಗ್ರಾಮಸಭೆಯ ಠರಾವು, ಉಪವಿಭಾಗ ಸಮಿತಿಯ ನಡಾವಳಿ, ತಿರಸ್ಕಾರದ ಆದೇಶ, ಅದನ್ನು ನಿಮಗೆ ಮುಟ್ಟಿಸಿದ ಸ್ವೀಕೃತಿ. ಆ ಕೊನೆಯದು ಅವರ ಹತ್ತಿರ ಇರಲಾರದು, ಅದಕ್ಕೇ ಕೇಳಿ. ಉತ್ತರಕ್ಕೆ 30 ದಿನ ಇದೆ. ಅಲ್ಲಿಯವರೆಗೆ ಸುಮ್ಮನಿರಬೇಡಿ. ‘ಅರ್ಜಿ ಇತ್ಯರ್ಥ ಆಗಿಲ್ಲ, 4(5) ಪ್ರಕಾರ ತೆರವು ನಿಲ್ಲಿಸಿ’ ಎಂದು ಜಿಲ್ಲಾಧಿಕಾರಿಗೆ ಈಗಲೇ ಮನವಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಅದರ ಪ್ರತಿ ಎಸಿಎಫ್‌ಗೂ ಕೊಡಿ. ಅಷ್ಟಾದರೂ ಜೆಸಿಬಿ ಮತ್ತೆ ಬಂದರೆ ಧಾರವಾಡ ಹೈಕೋರ್ಟ್ ಪೀಠಕ್ಕೆ ರಿಟ್ ಹಾಕಬೇಕಾಗುತ್ತದೆ. ವಕೀಲರ ಖರ್ಚಿಗೆ ಹೆದರಬೇಡಿ. ಎಸ್‌ಟಿ ಸಮುದಾಯದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಕಡತ ಕೈಗೆ ಬಂದ ಮೇಲೆ ನಮೂನೆ ‘ಎ’ಯ ಆ ಎರಡು ಪ್ರಶ್ನೆಗೆ ಏನು ಬರೆದಿದೆ, ತಿರಸ್ಕಾರಕ್ಕೆ ಏನು ಕಾರಣ ಕೊಟ್ಟಿದ್ದಾರೆ ಎಂದು ಮತ್ತೆ ಬರೆಯಿರಿ. ಮೇಲ್ಮನವಿಯಲ್ಲಿ ಏನೇನು ಬರಬೇಕು ಎಂದು ಅದನ್ನು ನೋಡಿ ಹೇಳುತ್ತೇನೆ.